ಮೀನುಮರಿಗೆ ತಣ್ಣೀರಾ, ಬಿಸಿನೀರಾ?

ಮೀನುಮರಿ ಮಾಡಿ ಮಾರುವ ಕಸುಬಿನಲ್ಲಿ ನಗುವ ಪ್ರಸಂಗಗಳಿಗೆ ಬರವಿಲ್ಲ. ಬರ ಇರುವುದು ಬದುಕಿ ಉಳಿಯುವ ಮರಿಗಳಿಗೆ. ಕಲಬುರಗಿಯ ಹೊರಗೆ ನನ್ನದೊಂದು ಸಣ್ಣ ಮರಿಕೇಂದ್ರವಿದೆ. ಹೋದ ವರ್ಷ ಕಮಲಾಪುರದ ಬಾಳೆತೋಟದ ಅಕ್ಕ ಒಬ್ಬರು ಹೊಸದಾಗಿ ಹೊಂಡ ತೋಡಿಸಿ ನನ್ನ ಬೆನ್ನು ಬಿದ್ದರು. "ಈ ಮಳಿಗಾಲದಾಗ ಮೀನ ಬಿಡಲಿಲ್ಲಂದ್ರ ನಮ್ಮತ್ತಿ ಹೊಂಡ ಮುಚ್ಚಸ್ತಾಳ ತಮ್ಮಾ. ಹ್ಯಾಂಗರ ಮಾಡಿ ಮರಿ ಕೊಡು."

ಲಗೂನ ಹುಟ್ಟಿದವು

ಮಳೆ ಇನ್ನೂ ಬಿದ್ದಿರಲಿಲ್ಲ. ತೊಟ್ಟಿಯ ನೀರು ಕಾದು, ಲೆಕ್ಕಕ್ಕಿಂತ ಮೊದಲೇ ತತ್ತಿ ಒಡೆದು ಮರಿ ಹೊರಬಂದವು. ನನಗೆ ಖುಷಿಯೋ ಖುಷಿ. ಒಯ್ಯಲು ಬನ್ನಿ ಎಂದು ಅಕ್ಕನಿಗೆ ಫೋನು ಮಾಡಿದೆ. ಅವರು ಬರುವಷ್ಟರಲ್ಲಿ ಮರಿಗಳ ಬೆನ್ನು ಸೊಟ್ಟಗಾಗಿ, ಒಂದೊಂದೇ ತಳ ಸೇರಿದವು. ಬಿಸಿ ನೀರಿನಲ್ಲಿ ಅವಸರಕ್ಕೆ ಹುಟ್ಟಿದ್ದು ಬಲಿಯುವುದೇ ಇಲ್ಲ. ಖಾಲಿ ಕ್ಯಾನು ಹಿಡಿದು ನಿಂತ ಅವರ ಮುಖ ನೋಡಲಾಗಲಿಲ್ಲ.

"ನೀರ ಕಾದಿದ್ವು ಅಕ್ಕಾರ. ಎಲ್ಲಾ ಸತ್ವು" ಎಂದೆ.

"ಹೋಗ್ಲಿ ಬಿಡು. ಕಲಬುರಗಿ ಬಿಸಲಿಗೆ ದೊಡ್ಡ ದೊಡ್ಡ ಸಾಹೇಬ್ರೇ ವರ್ಗ ಮಾಡಿಸ್ಕೊಂಡು ಓಡ್ತಾರ, ಅವೇನ್ ನಿಂತಾವು!"

ಬರ್ಫ್

ಮತ್ತೆ ತತ್ತಿ ಇಡಿಸಿದೆ. ಈ ಸಲ ನೀರು ತಂಪಾಗಿ ಇಡಲೇಬೇಕೆಂದು ಹಟ ತೊಟ್ಟು, ಸೂಪರ್ ಮಾರ್ಕೆಟ್ ಕಡೆಯ ಬರ್ಫಿನ ಅಂಗಡಿಗೆ ಹೋದೆ. ಮೇಲಿನ ನೀರಿನ ಟಾಕಿಯಲ್ಲಿ ಮಂಜುಗಡ್ಡೆ ಕರಗಿಸಿ ಆ ನೀರನ್ನು ಮೆಲ್ಲಗೆ ತೊಟ್ಟಿಗೆ ಬಿಡುವುದು ನನ್ನ ಹಂಚಿಕೆ.

ಮೀನಿಗೆ ಬರ್ಫ್ ಬೇಕೆಂದೆ. ಅಂಗಡಿಯ ಚಾಚಾ ಕೇಳಿದರು, "ಮೀನ ಎಷ್ಟ ಕಿಲೋ ಅವ ಸಾಬ್?"

"ಇನ್ನಾ ಹುಟ್ಟಿಲ್ರಿ."

ಚಾಚಾ ಕೈಯಲ್ಲಿದ್ದ ಸುತ್ತಿಗೆ ಕೆಳಗಿಟ್ಟರು. "ಯಾ ಅಲ್ಲಾ! ಸತ್ತ ಮೀನಿಗಿ ಬರ್ಫ್ ಒಯ್ಯೋರನ್ನ ದಿನಾ ನೋಡ್ತೀನಿ. ಹುಟ್ಟಲಾರದ್ದಕ್ಕ ಒಯ್ಯೋರು ನೀವೇ ಮೊದಲು!"

ಜಳಕ

ಹಂಚಿಕೆ ಫಲಿಸಿತು. ಉಳಿದದ್ದು ಒಂದೇ ಚೀಲದಷ್ಟು ಮರಿ, ಆದರೆ ಎಲ್ಲವೂ ಚುರುಕು. ಅಷ್ಟರಲ್ಲಿ ಮಳೆಯೂ ಹಿಡಿದು ಹೊಂಡದ ನೀರು ತಣ್ಣಗಾಗಿತ್ತು. ಆಮ್ಲಜನಕ ತುಂಬಿದ ಚೀಲವನ್ನು ಅಕ್ಕನ ಕೈಗಿಟ್ಟು ಮತ್ತೆ ಮತ್ತೆ ಹೇಳಿದೆ: "ಚೀಲ ಹೊಂಡದಾಗ ತೇಲಿ ಬಿಡ್ರಿ. ಎರಡೂ ನೀರು ಒಂದ ಹದಕ್ಕ ಬಂದ ಮ್ಯಾಲ ಬಿಚ್ಚರಿ. ಒಮ್ಮಿಗೇ ತಣ್ಣೀರಿಗಿ ಬಿದ್ರ ಸಾಯ್ತಾವ."

ಅವರ ಕಿವಿಗೆ ಬಿದ್ದದ್ದು ಕೊನೆಯ ಮಾತೊಂದೇ. ಮನೆಯಲ್ಲಿ ಮಗಳು ಬಾಣಂತಿ. ಕೂಸಿಗೆ ಎರೆಯಲು ಹಂಡೆಯಲ್ಲಿ ನೀರು ಕಾಯುತ್ತಿತ್ತು. ಸಂಜೆ ಅವರ ಫೋನು ಬಂತು. ಅಳುವೋ ಬಿಕ್ಕಳಿಕೆಯೋ ತಿಳಿಯಲಿಲ್ಲ.

"ಹಸಿಗೂಸಿಗಿ ಯಾರರ ತಣ್ಣೀರು ಹಾಕ್ತಾರೇನ್ ತಮ್ಮಾ? ಕೊಪ್ಪರಿಗ್ಯಾಗ ಬಿಸಿನೀರು ಹಾಕಿ, ಕೂಸಿನ ಸಂಗಟ ಇವಕ್ಕೂ ಜಳಕ ಆಗ್ಲಿ ಅಂತ ಬಿಟ್ಟೆ. ಒಂದೂ ಅಲಗಾಡವಲ್ದು."

ನಗು ಒತ್ತರಿಸಿ ಬಂತು, ಅದರ ಹಿಂದೆಯೇ ಸಂಕಟವೂ. ಇನ್ನೊಂದು ಚೀಲ ಕೊಡೋಣವೆಂದರೆ ನನ್ನಲ್ಲಿ ಒಂದು ಮರಿಯೂ ಉಳಿದಿರಲಿಲ್ಲ. ಹೊಂಡಕ್ಕೆ ಮಣ್ಣು ಬೀಳುವುದು ಇಬ್ಬರಿಗೂ ಗೊತ್ತಾಯಿತು. ಕಡೆಗೆ ಅವರೇ ಮೂಗು ಸೊರ್ರೆಂದು ಎಳೆದುಕೊಂಡು ಹೇಳಿದರು:

"ಮೀನ ಹೊಂಡದಾಗಽ ಇರ್ತಾವ, ಹೊಸ್ತಿಲ ದಾಟಂಗಿಲ್ಲ ಅಂತ ನಮ್ಮತ್ತಿಗಿ ಆಣಿ ಮಾಡಿ ಹೇಳಿದ್ದೆ. ಈಗ ನೋಡು, ಲಿಂಗಾಯತರ ಬಚ್ಚಲಮನ್ಯಾಗ ನಾನಽ ಕೈಯ್ಯಾರೆ ಮೀನಸಾರು ಮಾಡಿಟ್ಟೀನಿ!"