ಸವೆಸಿದ ಹೆಡ್ಡಿಗೆ ಸೀಮೆಎಣ್ಣೆ

ಆಗ ನನಗೆ ಅರವತ್ತೇಳು. ಐದು ವರ್ಷದ ಹಿಂದಿನ ಮಾತು. ಅಷ್ಟು ವಯಸ್ಸಿಗೆ ಬುದ್ಧಿ ಬಂದಿರಬೇಕಿತ್ತು. ಬಂದಿದೆ ಎಂದೇ ನಂಬಿದ್ದೆ.

ಅರಕೆರೆಯ ನಮ್ಮ ಗದ್ದೆಯಲ್ಲಿ ಒಂದು ತುಂಡು ನಾಲೆಗಿಂತ ಎತ್ತರದಲ್ಲಿದೆ. ನೀರು ತಾನಾಗಿ ಏರುವುದಿಲ್ಲ, ಎಂಜಿನ್ನಿನಿಂದ ಎತ್ತಬೇಕು. ಭತ್ತದ ಒಟ್ಲು ಬಿಡುವುದು ನಾನು ಅಲ್ಲೇ. ಅಲ್ಲಿ ಬೆಳೆದ ಪೈರನ್ನೇ ಕಿತ್ತು ಕೆಳಗಿನ ಒಂದೂವರೆ ಎಕರೆಗೆ ನಾಟಿ ಹಾಕಬೇಕು. ಒಟ್ಲು ಒಣಗಿದರೆ ಆ ವರ್ಷದ ಬೆಳೆ ಹೋದಂತೆ.

ನಮ್ಮದು ಸೀಮೆಎಣ್ಣೆ ಎಂಜಿನ್ನು. ಪೆಟ್ರೋಲಿನಲ್ಲಿ ಚಾಲೂ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುವುದು. ಸೊಸೈಟಿಯಲ್ಲಿ ಸೀಮೆಎಣ್ಣೆ ಕೊಡುವುದು ನಿಂತ ಮೇಲೆ ಬರೀ ಪೆಟ್ರೋಲಿನಲ್ಲೇ ಓಡಿಸಿದೆವು. ಅದಕ್ಕೂ ವಯಸ್ಸಾಗಿತ್ತು. ಚೆನ್ನಾಗಿ ಕುಡಿಯುತ್ತಿತ್ತು, ಕೆಮ್ಮುತ್ತಿತ್ತು, ಕೆಲಸ ಮಾತ್ರ ಅರ್ಧಂಬರ್ಧ. ಮನೆಯಲ್ಲಿ ಅಂಥದ್ದೊಂದು ಆಗಲೇ ಇತ್ತು.

ಶ್ರೀರಂಗಪಟ್ಟಣದ ಮೆಕ್ಯಾನಿಕ್ಕು ರಹೀಮ ಎಂಜಿನ್ನಿನ ನೆತ್ತಿಯ ಮುಚ್ಚಳವಾದ ಹೆಡ್ಡು ಬಿಚ್ಚಿ, ಅದರೊಳಗೆ ಬಟ್ಟಲಿನಂಥ ಗುಳಿ ತೋರಿಸಿದ. ಉರಿ ಹೊತ್ತುವುದು ಆ ಗುಳಿಯಲ್ಲಂತೆ.

"ಸೀಮೆಎಣ್ಣೆ ಇಕ್ಕಟ್ಟು ತಡ್ಯಾಕಿಲ್ಲ ಕಣವ್ವ. ಅಮುಕುದ್ರೆ ಟೇಮಿಗೆ ಮುಂಚೆ ಸಿಡೀತದೆ. ಅದ್ಕೇ ಗುಳಿ ದೊಡ್ದು ಮಡಗವ್ರೆ. ಪೆಟ್ರೋಲು ತಡ್ಕತದೆ. ಹೆಡ್ಡು ಸವೆಸಿ ಗುಳಿ ಸಣ್ಣ ಮಾಡುದ್ರೆ ನೀರು ಸಲೀಸಾಗಿ ಏರ್ತದೆ."

ಆದರೆ ಇನ್ನು ಮೇಲೆ ಒಂದು ತೊಟ್ಟು ಸೀಮೆಎಣ್ಣೆಯೂ ಕೂಡದು ಎಂದ. ತಾಳಿಯಾಣೆಗೂ ಹಾಕುವುದಿಲ್ಲ ಎಂದೆ. ಪಕ್ಕದಲ್ಲಿ ಕೂತಿದ್ದ, ಆ ತಾಳಿ ಕಟ್ಟಿದ ಯಜಮಾನ ತಲೆಯೆತ್ತಿ ನನ್ನನ್ನೇ ನೋಡಿದ. ಅಟ್ಟದ ಮೇಲೆ ಐದೈದು ಲೀಟರಿನ ಮೂರು ಕ್ಯಾನು ಸೀಮೆಎಣ್ಣೆ ಇರುವುದು ಅವನಿಗೆ ಗೊತ್ತಿತ್ತು. ವರ್ಷಗಟ್ಟಲೆ ದೀಪದ ಬತ್ತಿ ಇಳಿಸಿ ನಾನು ಉಳಿಸಿದ ಎಣ್ಣೆ ಅದು.

ಹೆಡ್ಡು ಸವೆಸಿದ ಮೇಲೆ ಎಂಜಿನ್ನು ಹೋರಿಯಾಯಿತು. ಮೂರು ದಿನ. ನಾಲ್ಕನೆಯ ದಿನ ಪೆಟ್ರೋಲು ತಳ ಕಂಡಿತು. ನಾಲೆಯಲ್ಲಿ ಇನ್ನೆರಡೇ ದಿನ ನೀರು, ಆಮೇಲೆ ಹತ್ತು ದಿನ ಇಲ್ಲ. ಪೆಟ್ರೋಲು ತರಲು ಬಸ್ಸು ಹತ್ತುವ ಬದಲು ನಾನು ಅಟ್ಟ ಹತ್ತಿದೆ. ಗುಳಿ ದೊಡ್ಡದು ಸಣ್ಣದು ಎಲ್ಲ ಮೆಕ್ಯಾನಿಕ್ಕುಗಳ ಕತೆ, ಹೊಟ್ಟೆಗೆ ಹೋದ ಮೇಲೆ ಎಲ್ಲವೂ ಎಣ್ಣೆಯೇ. ಇದು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳ ತೀರ್ಮಾನ.

ಸೀಮೆಎಣ್ಣೆಗೆ ತಿರುಗಿಸಿದ ಸ್ವಲ್ಪ ಹೊತ್ತಿಗೆ, ಹಿತ್ತಾಳೆ ಚೊಂಬಿಗೆ ಕಲ್ಲು ಹಾಕಿ ಅಲ್ಲಾಡಿಸಿದಂತೆ ಟಕಟಕ ಸದ್ದು ಶುರುವಾಯಿತು.

ಪಕ್ಕದ ಗದ್ದೆ ನನ್ನ ಓರಗಿತ್ತಿ ಜಯಮ್ಮನದು. ಬದುವಿನ ಜಗಳಕ್ಕೆ ನಾವಿಬ್ಬರೂ ಮಾತು ಬಿಟ್ಟು ಒಂಬತ್ತು ವರ್ಷವಾಗಿತ್ತು. ಏನಾದರೂ ಹೇಳುವುದಿದ್ದರೆ ಅವಳು ತನ್ನ ಎಮ್ಮೆಗೆ ಹೇಳುತ್ತಿದ್ದಳು, ನಾನು ನನ್ನ ಯಜಮಾನನಿಗೆ. ಎರಡೂ ಉತ್ತರ ಕೊಡುತ್ತಿರಲಿಲ್ಲ.

"ನೋಡೇ, ಎಂಜಿನ್ನು ಕಲ್ಲು ಕಡೀತಾ ಅದೆ. ಈಗ್ಲೇ ನಿಲ್ಸುದ್ರೆ ಉಳ್ಕತದೆ," ಎಂದಳು ಎಮ್ಮೆಗೆ.

"ಕಂಡೋರ ಎಂಜಿನ್ನು ಚಿಂತೆ ಎಮ್ಮೆಗ್ಯಾಕಂತೆ," ಎಂದೆ ಯಜಮಾನನಿಗೆ. ಹಟಕ್ಕೆ ಎಂಜಿನ್ನನ್ನು ಇನ್ನೂ ಜೋರು ಮಾಡಿದೆ.

ಅರ್ಧ ಗಂಟೆ ಓಡಿತು. ಡಬ್ ಎಂದಿತು. ನಿಂತಿತು.

ಮಾರನೆಯ ದಿನ ಮಧ್ಯಾಹ್ನ ರಹೀಮ ಸ್ಕೂಟರಿನಲ್ಲಿ ಗದ್ದೆಗೇ ಬಂದ. ಬಂದವನಿಗೆ ಕುಡಿಯಲು ನೀರೂ ಕೊಡದೆ, ಹೆಡ್ಡು ಸವೆಸಿ ನೀನೇ ನನ್ನ ಎಂಜಿನ್ನು ಕೊಂದೆ ಎಂದು ನಾಲೆಯ ಆಚೆ ದಡಕ್ಕೆ ಕೇಳುವಂತೆ ಬೈದೆ. ಕೆಲಸದಲ್ಲಿದ್ದವರೆಲ್ಲ ಬಂದು ಬದುವಿನ ಮೇಲೆ ಸಾಲಾಗಿ ನಿಂತರು. ಅವನು ಹೆಡ್ಡು ಬಿಚ್ಚಿದ. ಪಿಸ್ಟನ್ನಿನ ನೆತ್ತಿಯಲ್ಲಿ ಹೆಬ್ಬೆರಳು ತೂರುವಷ್ಟು ತೂತು. ಟ್ಯಾಂಕಿಗೆ ಬೆರಳದ್ದಿ ನನ್ನ ಮುಖದ ಮುಂದೆ ಹಿಡಿದ.

"ಮೂಸವ್ವ."

"ನೆಗಡಿ ಆಗದೆ ಕಣಪ್ಪ," ಎಂದೆ.

ಅವನು ಯಜಮಾನನ ಕಡೆ ತಿರುಗಿದ. ಇಡೀ ಸಂಸಾರದಲ್ಲಿ ನಾನು ನೂರು ಸಲ ಕೇಳಿದರೂ ಬಾಯಿಬಿಡದ ಮನುಷ್ಯ, ಅವತ್ತು ಕೇಳುವ ಮೊದಲೇ ಹೇಳಿದ: "ಅಟ್ಟದ ಮ್ಯಾಗ್ಳುದು. ಇನ್ನೂ ಎಲ್ಡು ಕ್ಯಾನು ಅದೆ."

ಎಲ್ಲರೂ ನಕ್ಕರು. ರಹೀಮ ನಗಲಿಲ್ಲ. ಅದೇ ಹೆಚ್ಚು ಚುಚ್ಚಿತು. ಪಿಸ್ಟನ್ನು ಮೈಸೂರಿನಿಂದ ಬರಲು ವಾರ ಬೇಕು ಎಂದು ಹೇಳಿ, ಕೈ ಒರೆಸಿಕೊಂಡು ಹೊರಟುಹೋದ. ನಾಲೆಯ ನೀರಿಗೆ ಉಳಿದದ್ದು ಒಂದೇ ದಿನ. ಒಟ್ಲು ಆಗಲೇ ಬಿರುಕು ಬಿಡುತ್ತಿತ್ತು.

ಜನ ಚದುರಿದ ಮೇಲೆ ಜಯಮ್ಮ ಎಮ್ಮೆಯ ಬೆನ್ನು ಸವರುತ್ತಾ, "ನಮ್ದು ಹೆಡ್ಡು ಸವೆಸಿಲ್ಲ ಕಣೇ. ಸೀಮೆಎಣ್ಣೆ ಸಿಕ್ಕುದ್ರೆ ಈಗ್ಲೂ ಕುಡೀತದೆ," ಎಂದಳು. ಅವತ್ತು ನಾನು ಯಜಮಾನನ ಕಡೆ ತಿರುಗಲಿಲ್ಲ, ಮನೆಗೆ ಹೋಗಿ ಅಟ್ಟಕ್ಕೆ ಏಣಿ ಹಾಕಿದೆ.

ಮರುದಿನ ಬೆಳಿಗ್ಗೆ ಎರಡೂ ಕ್ಯಾನು ಹೊತ್ತು ಅವಳ ಗದ್ದೆಗೆ ಹೋದೆ. ಅವಳ ಮುಖ ನೋಡುವುದಾಗಲಿಲ್ಲ. ಎಮ್ಮೆಯ ಮುಂದೆ ನಿಂತು, "ನಿಮ್ಮವ್ವಂಗೆ ಹೇಳವ್ವ, ಒಂದ್ ಗಂಟೆ ನನ್ನೊಟ್ಲಿಗೆ ನೀರು ಬುಡ್ಲಿ," ಎಂದೆ. ಎಮ್ಮೆ ಸೆಗಣಿ ಹಾಕಿತು. ಜಯಮ್ಮ ಪೈಪು ತಿರುಗಿಸಿದಳು. ವರ್ಷಗಟ್ಟಲೆ ಉಳಿಸಿದ ಎಣ್ಣೆಯನ್ನು ನನ್ನ ಕೈಯಾರೆ ಅವಳ ಟ್ಯಾಂಕಿಗೆ ಸುರಿದೆ. ಒಟ್ಲು ನೆನೆಯುವವರೆಗೂ ಅಲ್ಲೇ ಕೂತು ಕಿವಿಗೊಟ್ಟು ಕೇಳಿದೆ. ಅವಳ ಎಂಜಿನ್ನು ಒಂದು ಸಲವೂ ಟಕ್ ಎನ್ನಲಿಲ್ಲ.