ಗಲಿಲಾಯದ ಗುಡ್ಡದಲ್ಲಿ ನನ್ನ ಬುತ್ತಿ

ನನಗೂ ಸೂರ್ಯನಿಗೂ ದಿನಾ ಸಂಜೆ ಒಂದು ಪಂದ್ಯ. ಅವನು ಮುಳುಗುವುದರೊಳಗೆ ನಾನು ಉಂಡು ಕೈ ತೊಳೆದಿರಬೇಕು. ನಮ್ಮ ಜೈನರ ಮನೆಗಳಲ್ಲಿ ಇದೇನೂ ಹೊಸದಲ್ಲ. ಮದುವೆ, ಪ್ರಯಾಣ ಅಂತ ಕೆಲವರು ಸಡಿಲ ಬಿಡುತ್ತಾರೆ. ನಾನು ಮದುವೆಯಾದ ವರ್ಷ ಚಾತುರ್ಮಾಸಕ್ಕೆ ಬಂದಿದ್ದ ಮುನಿಗಳ ಮುಂದೆ ಕೈಮುಗಿದು ನಿಯಮ ಹಿಡಿದವಳು, ಇವತ್ತಿಗೂ ಬಿಟ್ಟಿಲ್ಲ. ಬಸ್ಸು ಕೆಟ್ಟು ನಿಂತಾಗ ರಸ್ತೆ ಬದಿಯ ಕಲ್ಲಿನ ಮೇಲೆ ಕೂತು ಉಂಡಿದ್ದೇನೆ. ನಾದಿನಿಯ ಮದುವೆಯಲ್ಲಿ ಬೀಗರಿಗಿಂತ ಮೊದಲು ಉಂಡು ಬೈಸಿಕೊಂಡಿದ್ದೇನೆ. ಮೋಡ ಕವಿದ ದಿನ ಸೂರ್ಯ ಎಲ್ಲಿದ್ದಾನೆಂದು ತಿಳಿಯದೆ ನಾಲ್ಕಕ್ಕೇ ತಾಟು ಹಾಕಿಕೊಂಡರೆ ನಮ್ಮ ಯಜಮಾನರು, "ಇವತ್ತ ಅಂವ ಹುಟ್ಟೇ ಇಲ್ಲ, ಈಕಿ ಮುಳುಗಿಸೇಬಿಟ್ಲು" ಎನ್ನುತ್ತಾರೆ. ಅನ್ನಲಿ. ಅವರಿಗೆ ಬಿಸಿ ರೊಟ್ಟಿ ಸಿಗುವುದು ಈ ಪಂದ್ಯದ ಪುಣ್ಯದಿಂದಲೇ.

ಇಂಥ ನನ್ನನ್ನು ಸಿನಿಮಾದವರು ಕರೆದೊಯ್ದರು. ಎಂಬತ್ತರ ದಶಕದ ಕೊನೆಯ ಮಾತು. ಮುಂಬಯಿಯ ದೊಡ್ಡ ಕಂಪನಿಯೊಂದು ಯೇಸುಸ್ವಾಮಿಯ ಕಥೆ ತೆಗೆಯಲು ನಮ್ಮೂರ ಹತ್ತಿರದ ಕರೋಶಿ ಕಡೆಯ ಬೋಳು ಗುಡ್ಡವೊಂದನ್ನು ಆರಿಸಿಕೊಂಡಿತ್ತು. ಅದಕ್ಕೆ ಯೇಸು ಓಡಾಡಿದ ಸೀಮೆಯ ಹೆಸರು, ಗಲಿಲಾಯ ಅಂತ ಇಟ್ಟರು. ಒಂಟೆಗಳು ಬಂದವು. ಲಾರಿಗಟ್ಟಲೆ ಥರ್ಮಾಕೋಲಿನ ಬಂಡೆಗಳು ಬಂದವು. ನಮ್ಮ ಗುಡ್ಡದಲ್ಲಿ ಕಲ್ಲಿಗೇನು ಬರವಿತ್ತೋ, ದೇವರೇ ಬಲ್ಲ. ಜನ ಬೇಕೆಂದು ಕೊಲ್ಲಾಪುರದ ಏಜೆಂಟನೊಬ್ಬ ನಮ್ಮ ಓಣಿಗೂ ಬಂದ. ಐದು ರೊಟ್ಟಿ, ಎರಡು ಮೀನಿನಲ್ಲಿ ಯೇಸು ಸಾವಿರಾರು ಹಸಿದವರಿಗೆ ಉಣಿಸುವ ಸೀನಂತೆ. ಯಾರ ದೇವರಾದರೇನು, ಉಣಿಸುವ ದೇವರು ಎಂದು ನಾನು, ಪಕ್ಕದ ಮನೆಯ ಪದ್ಮಕ್ಕ, ನಮ್ಮ ಜಿನಬಸ್ತಿಗೆ ಜೊತೆಯಾಗಿ ಹೋಗುವ ಹೆಂಗಸರು ಎಲ್ಲ ಒಪ್ಪಿದೆವು. ನಾನು ಮಾತ್ರ ಕರಾರು ಹಾಕಿದೆ. "ಮೀನಿನ ಬುಟ್ಟಿ ನಮ್ಮ ಕಡೆ ತರಬ್ಯಾಡ್ರಿ. ಹೊತ್ತು ಮುಳುಗೂದ್ರಾಗ ಮನಿಗೆ ಬಿಡ್ರಿ." ಅವನು ಮರಾಠಿ ಬೆರೆಸಿ ಅತ್ತಿಗೆ ಎಂದು ಕರೆದು, "ಹೋ ಹೋ ವಹಿನಿ, ಕಾಳಜೀನ ಮಾಡಬ್ಯಾಡ್ರಿ" ಎಂದ.

ಬೆಳಗಿನಿಂದ ಉದ್ದನೆಯ ನಿಲುವಂಗಿ ತೊಡಿಸಿ ಬಿಸಿಲಲ್ಲಿ ಕೂಡಿಸಿದರು. ಕಂಪನಿಯ ರೊಟ್ಟಿ ಕೈಗೆ ಕೊಟ್ಟು, ಇನ್ನೂ ಎಷ್ಟೋ ಸಲ ತೆಗೆಯುವುದಿದೆ, ಯಾರೂ ತಿನ್ನಬಾರದು ಎಂದು ಭೋಂಗಾ ಮೈಕಿನಲ್ಲಿ ಒದರಿದರು. ಡೈರೆಕ್ಟರ್ ಸಾಹೇಬರಿಗೆ ಬೇಕಾಗಿದ್ದು ಮುಳುಗುವ ಹೊತ್ತಿನ ಬಂಗಾರದ ಬಿಸಿಲು. ಕಣ್ಣಿಗೆ ಕಪ್ಪು ಗಾಜು ಹಿಡಿದು ಪಡುವಣಕ್ಕೆ ನೋಡುತ್ತ ನಿಂತೇ ಇದ್ದರು. ಇಡೀ ಗುಡ್ಡದ ಮೇಲೆ ಸೂರ್ಯನನ್ನು ಅಷ್ಟು ಶ್ರದ್ಧೆಯಿಂದ ನೋಡುತ್ತಿದ್ದವರು ಅವರೊಬ್ಬರು, ನಾನೊಬ್ಬಳು.

ಬಿಸಿಲು ಕೆಂಪಗಾಯಿತು. ನಾನು ಎದ್ದೆ. ನನ್ನ ಹಿಂದೆ ಬಸ್ತಿಯ ಹೆಂಗಸರೆಲ್ಲ ಎದ್ದರು. ಗಲಿಲಾಯದ ಅರ್ಧ ಜನ ಮನೆಯ ದಾರಿ ಹಿಡಿದದ್ದು ಕಂಡು ಏಜೆಂಟ ಓಡಿ ಬಂದ.

"ಅಹೋ ವಹಿನಿ, ಈಗ ಹ್ವಾದ್ರ ನನ್ನ ಕೆಲಸ ಹೋಗತೈತ್ರಿ! ಒಂದ ತಾಸು!"

"ಒಂದ ತಾಸಿಗೆ ಕತ್ತಲಾಗತೈತಿ. ಹಸದವರಿಗೆ ಉಣಿಸಿದ ದೇವರ ಪಿಕ್ಚರ್ ತೆಗ್ಯಾಕ ಬಂದು ನಮ್ಮನ್ನ ಉಪಾಸ ಇಡ್ತೀರೇನು?"

ಅವನ ಮುಖ ನೋಡಿ ಪಾಪ ಅನ್ನಿಸಿತು. ನಿಯಮ ಇರುವುದು ಹೊತ್ತಿಗೆ, ಜಾಗಕ್ಕಲ್ಲವಲ್ಲ. ಯಾತಕ್ಕೂ ಇರಲೆಂದು ಕಟ್ಟಿಕೊಂಡು ಬಂದಿದ್ದ ಬುತ್ತಿಯನ್ನು ಅಲ್ಲೇ ಕೂತು ಬಿಚ್ಚಿದೆ. ಜೋಳದ ರೊಟ್ಟಿ, ಖಾರದ ಚಟ್ನಿಪುಡಿ, ನಮ್ಮ ಶೇಂಗಾ ಹಿಂಡಿ. ಎಲ್ಲರೂ ಬಿಚ್ಚಿದರು.

"ಸ್ಟೀಲ್ ಡಬ್ಬಿ ಮುಚ್ರಿ! ಆ ಕಾಲದಾಗ ಡಬ್ಬಿ ಎಲ್ಲಿತ್ರಿ?" ಎಂದ ಏಜೆಂಟ.

"ಶೇಂಗಾ ಹಿಂಡಿ ಇತ್ತೇನು?" ಎಂದಳು ಪದ್ಮಕ್ಕ. "ಯೇಸುಸ್ವಾಮಿ ಇತ್ತಾಗ ನೋಡಾಕತ್ತಾನ, ಪಾಪ. ಅವಂಗೂ ಒಂದ ಕೊಡ್ರಿ."

ಯೇಸುವಿನ ಪಾತ್ರದ ಹುಡುಗನೂ ಬೆಳಗಿನಿಂದ ಹಸಿದಿದ್ದ. ನಾನು ಕೊಟ್ಟ ತುತ್ತು ಬಾಯಿಗಿಟ್ಟುಕೊಂಡ. ಹಿಂಡಿಯ ಖಾರಕ್ಕೆ ಕಣ್ಣಲ್ಲಿ ನೀರು ತುಂಬಿತು. ದೂರದಿಂದ ಸಾಹೇಬರು, "ವಾಹ್, ಕ್ಯಾ ಕರುಣಾ!" ಎಂದು ಕೂಗಿ ಕ್ಯಾಮೆರಾ ಓಡಿಸಿಯೇಬಿಟ್ಟರು. ಬೆಳಗಿನಿಂದ ಆಗದ ಸೀನು ನಾವು ಉಂಡು ಏಳುವುದರೊಳಗೆ ಮುಗಿಯಿತು. ಕೈ ತೊಳೆಯುವಾಗ ಸೂರ್ಯನ ಅಂಚು ಇನ್ನೂ ಕಾಣುತ್ತಿತ್ತು.

ಮರುವರ್ಷ ಸಿನಿಮಾ ನಿಪ್ಪಾಣಿಗೆ ಬಂತು. ಮಧ್ಯಾಹ್ನದ ಆಟಕ್ಕೆ ಹೋದೆವು. ಬುತ್ತಿ ಜೊತೆಗಿತ್ತು. ಇಂಟರ್ವಲ್ಲಿನಲ್ಲಿ ಯಜಮಾನರು "ಉಣ್ಣು" ಅಂದರು. ಹಸಿವಿಲ್ಲ, ಮುಗಿಸಿಕೊಂಡೇ ಉಂಡರಾಯಿತು ಎಂದು ಜಾಣತನ ಮಾಡಿದೆ. ಆದರೆ ಅದು ಕೋಟಿಗಟ್ಟಲೆ ಸುರಿದ ಸಿನಿಮಾ, ಮುಗಿಯುವ ಲಕ್ಷಣವೇ ಇರಲಿಲ್ಲ. ಬಾಗಿಲ ಪರದೆಯ ಸಂದಿಯಲ್ಲಿ ಬಿಸಿಲು ಕೆಂಪಗೆ ಕಂಡಿತು. ಕತ್ತಲಲ್ಲಿ ಉಣ್ಣಬಾರದೆನ್ನುವವಳಿಗೆ ಟಾಕೀಸಿನೊಳಗೆ ಹಗಲೂ ರಾತ್ರಿಯೇ. ಎದ್ದೆ.

"ಏ, ಕುಂದರ! ಗುಡ್ಡ ಬಂತು, ಇನ್ನ ನಿಂದ ಸೀನ್ ಬರತೈತಿ!" ಎಂದರು ಯಜಮಾನರು.

"ನೀವು ನೋಡ್ರಿ. ಹೊರಗ ಸೂರ್ಯ ನಿಂದರೂದಿಲ್ಲ."

ಹೊರಗಿನ ಕಟ್ಟೆಯ ಮೇಲೆ ಕೂತು ಬುತ್ತಿ ಬಿಚ್ಚಿದೆ. ಒಳಗಿಂದ ಸೀಟಿ, ಚಪ್ಪಾಳೆ ಕೇಳಿಸಿತು. ತುತ್ತು ಕೈಯಲ್ಲಿ ಹಿಡಿದೇ ಬಾಗಿಲ ಕಡೆ ತಿರುಗಿ ನೋಡಿದೆ, ಸುಳ್ಳೇಕೆ ಹೇಳಲಿ. ಅಷ್ಟರಲ್ಲಿ ಯಜಮಾನರು ಹೊರಗೆ ಬಂದು ನನ್ನನ್ನೇ ನೋಡುತ್ತ ನಿಂತರು.

"ಪಿಕ್ಚರಿನಾಗ ನಾ ಹೆಂಗ ಕಂಡ್ನಿರಿ?"

"ಏನೂ ಕಳಕೊಂಡಿಲ್ಲ ಬಿಡು. ಒಳಗೂ ಹಿಂಗ ಕುಂತು ಉಣ್ಣಾಕತ್ತಿದ್ದಿ."

ಸಿಟ್ಟು ಬಂತು. ಆದರೆ ಸೂರ್ಯ ಇನ್ನೂ ಇದ್ದ, ಡಬ್ಬಿಯಲ್ಲಿ ಅರ್ಧ ರೊಟ್ಟಿಯೂ ಇತ್ತು. ಅದನ್ನು ಅವರ ಕೈಗಿಟ್ಟೆ, ಹಿಂಡಿ ಸ್ವಲ್ಪ ಹೆಚ್ಚೇ ಹಚ್ಚಿ.