ಒಂದೂವರೆ ಇಂಚು

ಅಂಗಿ ಉದ್ದವಾದದ್ದೇ ತಕರಾರಿಗೆ ನಾಂದಿ. ವರ್ಷಗಟ್ಟಲೆ ಸೊಂಟದ ಕೆಳಗೆ ನಾಲ್ಕು ಬೆರಳು ನಿಲ್ಲುತ್ತಿದ್ದ ಸಮವಸ್ತ್ರದ ಅಂಗಿ ಈಗ ತೊಡೆ ಮುಟ್ಟುತ್ತಿತ್ತು. ಹೊಲಿಗೆ ಕೆಲಸದ ಹೆಂಡತಿ ಟೇಪು ಹಿಡಿದು ಮೊದಲು ಅಂಗಿಯನ್ನು ಅಳೆದಳು, ಆಮೇಲೆ ಗಂಡನನ್ನು.

"ಒಗೆದ್ರೆ ಬಟ್ಟೆ ಕುಗ್ಗೋದು ನೋಡಿದೀನಿ. ಇಲ್ಲಿ ಬಟ್ಟೆ ಸರಿಯಾಗಿದೆ, ನೀವೇ ಕುಗ್ಗಿದೀರಿ."

ಡಾಕ್ಟರು ಎಕ್ಸ್‌ರೇ ನೋಡಿ ಅದನ್ನೇ ಹೇಳಿದರು. ಉಬ್ಬಸಕ್ಕೆಂದು ಹನ್ನೆರಡು ವರ್ಷ ನುಂಗಿದ ಸ್ಟೀರಾಯ್ಡ್ ಮಾತ್ರೆ ಉಸಿರು ಉಳಿಸಿ ಮೂಳೆ ತಿಂದಿತ್ತು. ಬೆನ್ನಿನ ಎರಡು ಮೂಳೆಗಳು ಚಹಾದಲ್ಲಿ ನೆನೆದ ರಸ್ಕಿನಂತೆ ಕುಸಿದಿದ್ದವು. ಬಗ್ಗಬಾರದು, ಭಾರ ಎತ್ತಬಾರದು, ಜಾರಿ ಬೀಳಲಂತೂ ಬಾರದು. ಹಾಗೆಂದು ಸ್ಟೀರಾಯ್ಡನ್ನು ತಾನಾಗಿ ನಿಲ್ಲಿಸಲೂ ಬಾರದು. ವಾರಕ್ಕೊಮ್ಮೆ ಖಾಲಿ ಹೊಟ್ಟೆಯಲ್ಲಿ ಮೂಳೆಯ ಮಾತ್ರೆ ನುಂಗಿ, ಪಾಸ್‌ಪೋರ್ಟ್ ಫೋಟೋಗೆ ಕೂತವನ ಹಾಗೆ ಅರ್ಧ ಗಂಟೆ ನೆಟ್ಟಗೆ ಕೂತಿರಬೇಕು. ಇಷ್ಟು ಹೇಳಿ, ನಿಮ್ಮ ಕೆಲಸದ ಸಾಹೇಬರಿಗೆ ಕೊಡಿ ಎಂದು ಒಂದು ಅಂಟಿಸಿದ ಲಕೋಟೆಯನ್ನೂ ಕೊಟ್ಟಿದ್ದರು.

ಅವನು ಕೊಡಲಿಲ್ಲ. ಲಕೋಟೆ ಜೇಬಿನಲ್ಲೇ ಬೆವರು ಕುಡಿಯುತ್ತಿತ್ತು. ಅವನು ಆರು ಅಂತಸ್ತಿನ ಗೋದಾಮಿನ ಕಾವಲುಗಾರ. ಕೈಲಾಗದವನು ಎಂದು ಡಾಕ್ಟರೇ ಬರೆದುಕೊಟ್ಟ ಕಾವಲುಗಾರನನ್ನು ಯಾರು ಇಟ್ಟುಕೊಳ್ಳುತ್ತಾರೆ? ಜೊತೆಯವರು ಅವನನ್ನು ಸೀಟಿ ಎನ್ನುತ್ತಿದ್ದರು. ಕಂಪನಿ ಕೊಟ್ಟ ಸೀಟಿ ಕೊರಳಲ್ಲಿ ಸುಮ್ಮನಿರುತ್ತಿತ್ತು. ಮೂರನೆಯ ಅಂತಸ್ತು ಮುಟ್ಟುವಷ್ಟರಲ್ಲಿ ಎದೆಯೇ ಸೀಟಿ ಊದುತ್ತಿತ್ತು.

ಇವತ್ತು ಮಾತ್ರೆಯ ದಿನ. ಅರ್ಧ ಗಂಟೆ ಕಂಬಿಯಂತೆ ಕೂತು, ಹೆಂಡತಿಯ ಕೈಯಲ್ಲಿ ಶೂ ಕಟ್ಟಿಸಿಕೊಂಡು ಬಂದರೆ, ಬಟ್ಟೆ ಬದಲಿಸುವ ಕೋಣೆಯಲ್ಲಿ ಸುದ್ದಿ ಕಾದಿತ್ತು. ಹೊಸ ಸಾಹೇಬರು ಎಲ್ಲರ ಎತ್ತರ ಅಳೆಯುತ್ತಾರಂತೆ. ಐದು ಅಡಿ ಆರು ಇಂಚಿಗಿಂತ ಕಡಿಮೆ ಇದ್ದವರು ಮನೆಗಂತೆ. ಸೇರುವಾಗ ಅವನು ಸರಿಯಾಗಿ ಅಷ್ಟೇ ಇದ್ದ. ಹೆಂಡತಿಯ ಟೇಪಿನ ಪ್ರಕಾರ ಈಗ ಒಂದೂವರೆ ಇಂಚು ಕಡಿಮೆ.

ಸುದ್ದಿ ಹೇಳಿದವನು ಕಂಬ. ಎಲ್ಲರಿಗಿಂತ ಎತ್ತರ, ಎಲ್ಲರ ವಿಷಯಕ್ಕೂ ತಲೆ ಹಾಕುವವನು. ಸೀಟಿಯ ಮುಖ ನೋಡಿ ಬಾಗಿಲು ಹಾಕಿ, ತನ್ನ ಶೂ ಬಿಚ್ಚಿದ. ಒಳಗಿಂದ ಎರಡು ದಪ್ಪ ಕಾರ್ಕಿನ ಅಟ್ಟೆ ಹೊರಗೆ ಬಂದವು.

"ಎಷ್ಟು ದಿನದಿಂದ?" ಎಂದ ಸೀಟಿ.

"ಸೇರಿದ ದಿನದಿಂದ. ಯಾರಿಗಾದ್ರೂ ಹೇಳಿದ್ರೆ ನೋಡು."

"ನಿನ್ನ ಗತಿ?"

"ನಾನು ಐದು ಹತ್ತು. ಅಟ್ಟೆಯ ಎರಡಿಂಚು ಹೋದ್ರೂ ಎಂಟು ಉಳಿಯುತ್ತೆ. ನಿನಗೆ ಬೇಕಾಗಿರೋದು ಆರು. ಕಾಲು ಕೊಡೋ ಮಾರಾಯ."

ಶೂ ಬಿಚ್ಚಿಸುವ ಭಯ ಇರಲಿಲ್ಲ. ಹಿಂದಿನ ಸಾಹೇಬರು ಒಮ್ಮೆ ಇಪ್ಪತ್ತೆರಡು ಜನರ ಶೂಗಳನ್ನು ಒಂದೇ ಕೋಣೆಯಲ್ಲಿ ಬಿಚ್ಚಿಸಿ, ಕಿಟಕಿಯ ಹತ್ತಿರ ಓಡಿ ಹೋಗಿದ್ದರು. ಅಂದಿನಿಂದ ಶೂ ಸಮೇತ ಅಳೆಯುವುದೇ ಪದ್ಧತಿ. ಕಂಬ ನೆಲದ ಮೇಲೆ ಕೂತು, ಸೀಟಿಯ ಶೂಗೆ ಅಟ್ಟೆ ತುರುಕಿ, ಬಿಚ್ಚದಂಥ ಗಂಟು ಹಾಕಿದ. ಸೀಟಿ ಗೋಡೆ ಹಿಡಿದು ಎದ್ದು ನಿಂತ. ಡಾಕ್ಟರು ಜಾರಬಾರದು ಅಂದದ್ದು ನೆನಪಾಗಿ, ಹಸಿ ಸಿಮೆಂಟಿನ ಮೇಲೆ ನಡೆಯುವ ಬಾತುಕೋಳಿಯಂತೆ ಸಾಹೇಬರ ಕೋಣೆಗೆ ಹೋದ.

ಸಾಹೇಬರು ಅಳೆದರು. ಸೇರಿದಾಗಿನ ಎತ್ತರ ಬರೆದಿದ್ದ ಕಾರ್ಡು ನೋಡಿದರು. ಮತ್ತೆ ಅಳೆದರು. ಅರ್ಧ ಇಂಚು ಬೆಳೆದಿದೀರಲ್ಲ ಎಂದು ನಕ್ಕು ಬರೆದುಕೊಂಡರು. ನೌಕರಿ ಉಳಿಯಿತು ಎಂದುಕೊಂಡ ಸೀಟಿ, ಆ ದಿನ ಮೊದಲ ಸಲ ಪೂರ್ತಿ ಉಸಿರು ಎಳೆದ.

ಎಲ್ಲರ ಅಳತೆ ಮುಗಿದ ಮೇಲೆ ಸಾಹೇಬರು ಸಾಲಿನ ಮುಂದೆ ಬಂದು ನಿಂತರು. ತಮ್ಮ ತಾಯಿಗೂ ಉಬ್ಬಸವಿತ್ತು ಎಂದರು. ಸ್ಟೀರಾಯ್ಡಿನಿಂದ ಮೂಳೆ ಸವೆದು ಕುಗ್ಗುತ್ತಾ ಹೋದರಂತೆ. ಮನೆಯವರಿಗೆ ಗೊತ್ತಾಗುವಷ್ಟರಲ್ಲಿ ಸೊಂಟ ಮುರಿದಿತ್ತಂತೆ. ಯಾರು ಕುಗ್ಗಿದ್ದಾರೋ ಅವರಿಗೆ ಕೂತು ಮಾಡುವ ಕೆಲಸ ಕೊಡೋಣ ಅಂತಲೇ ಅಳೆದದ್ದು. ಯಾರನ್ನೂ ಮನೆಗೆ ಕಳಿಸುವ ಮಾತೇ ಇಲ್ಲ. ಗೇಟಿನ ಕುರ್ಚಿ ಖಾಲಿಯಿದೆ.

"ಒಬ್ಬರು ಮಾತ್ರ ಎರಡು ಇಂಚು ಕುಗ್ಗಿದಾರೆ," ಎಂದು ಕಂಬನ ಹೆಗಲ ಮೇಲೆ ಕೈಯಿಟ್ಟರು. "ಇಷ್ಟು ದಿನ ಯಾಕಪ್ಪಾ ಹೇಳಲಿಲ್ಲ?"

ಕಂಬ ಸೀಟಿಯ ಶೂ ಕಡೆ ನೋಡಿದ.

ಸೀಟಿ ಜೇಬಿನಿಂದ ಲಕೋಟೆ ತೆಗೆದು ಚಾಚಿದ. ಸಾಹೇಬರು ಒಡೆದು ಓದಿದರು. ಎತ್ತರ ಒಂದೂವರೆ ಇಂಚು ಇಳಿದಿದೆ, ಮೆಟ್ಟಿಲು ಹತ್ತಿಸಬೇಡಿ, ದಯವಿಟ್ಟು ಕುರ್ಚಿಯ ಕೆಲಸ ಕೊಡಿ ಎಂದು ಡಾಕ್ಟರು ಬರೆದಿದ್ದರು.

"ಹೆಸರು ನಿಮ್ಮದೇ, ಅಳತೆ ನಿಮ್ಮದಲ್ಲ," ಎಂದರು ಸಾಹೇಬರು. "ನಾನೇ ಎರಡು ಸಲ ಅಳೆದಿದೀನಿ. ಆಸ್ಪತ್ರೆಯವರು ಇನ್ಯಾರದೋ ಎಕ್ಸ್‌ರೇ ನೋಡಿರಬೇಕು. ನೀವು ಗಟ್ಟಿಯಾಗಿದೀರಿ, ಕಂಬನ ರೌಂಡೂ ನೀವೇ ನೋಡ್ಕೊಳ್ಳಿ."

ನಿಜ ಹೇಳಬೇಕಾದರೆ ಶೂ ಬಿಚ್ಚಬೇಕಿತ್ತು. ಬಿಚ್ಚಿದರೆ ಮೋಸಕ್ಕೆ ಇಬ್ಬರ ನೌಕರಿಯೂ ಹೋಗುತ್ತಿತ್ತು. ಅದೂ ಅಲ್ಲದೆ, ಬಗ್ಗಿ ಬಿಚ್ಚಲು ಅವನಿಂದ ಆಗುತ್ತಿರಲಿಲ್ಲ.

ಗೇಟಿನ ಹತ್ತಿರ ಕಂಬ ಕುರ್ಚಿಯ ತುದಿಯಲ್ಲಿ ಕೂತಿದ್ದ, ಮುಳ್ಳಿನ ಮೇಲೆ ಕೂತವನ ಹಾಗೆ.

"ಅಟ್ಟೆ ವಾಪಸ್ ಕೊಡಬೇಡ ಕಣೋ," ಎಂದ ಮೆಲ್ಲಗೆ. "ದಿನಾ ಹಾಕ್ಕೊಂಡು ಬಾ. ಸಾಹೇಬ್ರು ತಿಂಗಳಿಗೊಂದ್ಸಲ ಅಳೀತಾರಂತೆ."

ಸೀಟಿ ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲು ಕೂಡಿಸುತ್ತ ಹತ್ತತೊಡಗಿದ. ಎರಡನೆಯ ಅಂತಸ್ತಿಗೇ ಎದೆ ಸೀಟಿ ಊದಲು ಶುರು ಮಾಡಿತು.